ಲೆಕ್ಕಕ್ಕೆ ಬಾರದ ಮನೆಯ ನಾಯಿ

ಬೀದಿನಾಯಿಗಳನ್ನು ಕೊಲ್ಲಬಾರದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2001ರಲ್ಲಿ. ಕಾಲು ಶತಮಾನದ ಈ ಲೆಕ್ಕವನ್ನು ಬೆಂಗಳೂರಿನ ಮಟ್ಟಿಗೆ ತೆಗೆದು ನೋಡಿದರೆ ತೀರಾ ನಿರಾಶೆಯೇನೂ ಆಗುವುದಿಲ್ಲ. 2007ರಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ನಗರ ಸಿಟ್ಟಿಗೆದ್ದು ಕೊಲ್ಲುವ ದಾರಿಗೇ ಮರಳಿತ್ತು. 2019ರ ಗಣತಿಯ ಹೊತ್ತಿಗೆ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, ಶಸ್ತ್ರಚಿಕಿತ್ಸೆ ಆಗಿದ್ದುದು ಅರ್ಧದಷ್ಟಕ್ಕೆ. 2023ರಲ್ಲಿ ಸಂಖ್ಯೆ 2.79 ಲಕ್ಷಕ್ಕೆ ಇಳಿಯಿತು, ಶಸ್ತ್ರಚಿಕಿತ್ಸೆ ಆದವುಗಳ ಪ್ರಮಾಣ ಶೇ 70 ದಾಟಿತು. ನಿಧಾನವಾಗಿಯಾದರೂ ಕೆಲಸ ನಡೆದಿದೆ.

ಈ ಗಣತಿಗಳಲ್ಲಿ ಮನೆಯ ನಾಯಿ ಇಲ್ಲ. 2001ರ ನಿಯಮವೂ ಅದರ ಜಾಗಕ್ಕೆ ಬಂದ 2023ರ ನಿಯಮವೂ ಸಾಕುನಾಯಿಯ ಹೊಣೆಯನ್ನು ಸಾಕಿದವರಿಗೇ ಬಿಟ್ಟಿವೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸಾಕಿದವರು ಯಾರು? ಲ್ಯಾಬ್ರಡಾರ್‌ಗೆ ಎಸಿ ಕೋಣೆ ಕೊಟ್ಟವರಷ್ಟೇ ಅಲ್ಲ. ಶೀಟಿನ ಮನೆಯ ಮುಂದೆ ನಾಟಿ ನಾಯಿ ಕಟ್ಟಿಕೊಂಡಿರುವ ಗಾರೆ ಕೆಲಸದವರು, ತೋಟದ ಲೈನ್ ಮನೆಯವರು, ರಾತ್ರಿ ಕಾವಲಿನ ವಾಚ್‌ಮನ್ ಕೂಡ ಸಾಕಿದವರೇ. ಖಾಸಗಿ ಕ್ಲಿನಿಕ್‌ನಲ್ಲಿ ಹೆಣ್ಣುನಾಯಿಯ ಆಪರೇಷನ್‌ಗೆ ಕೆಲವು ಸಾವಿರ ರೂಪಾಯಿ ಬೇಕು. ಕರೆದೊಯ್ಯಲು ಒಪ್ಪುವ ಆಟೊ ಹುಡುಕಬೇಕು, ಒಂದು ದಿನದ ಕೂಲಿ ಬಿಡಬೇಕು, ಹೊಲಿಗೆ ಒಣಗುವವರೆಗೆ ನಾಯಿ ಅದನ್ನು ನೆಕ್ಕದಂತೆ ಕಾಯಬೇಕು. ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದರೆ ಅದು ದನ, ಎಮ್ಮೆ, ಕುರಿಗಳಿಗೆಂದು ಕಟ್ಟಿದ್ದು. ಅಲ್ಲಿ ಉಚಿತ ರೇಬಿಸ್ ಲಸಿಕೆಯ ಶಿಬಿರ ನಡೆಯುತ್ತದೆ, ಸಂತೋಷ. ಸೂಜಿ ಚುಚ್ಚಲು ಎರಡು ನಿಮಿಷ ಸಾಕು. ಹೊಟ್ಟೆ ಕೊಯ್ಯಲು ಅರಿವಳಿಕೆ, ಶುದ್ಧವಾದ ಮೇಜು, ಕೈ ಪಳಗಿದ ವೈದ್ಯರು ಬೇಕು.

ಹಾಗಾಗಿ ಜನ ಸುಲಭದ ದಾರಿ ಹಿಡಿದಿದ್ದಾರೆ: ಗಂಡುಮರಿಯನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟುಬರುವುದು. ವರ್ಷಕ್ಕೆ ಎರಡು ಸಲ ಬೆದೆಗೆ ಬಂದು ಒಂಬತ್ತು ವಾರಕ್ಕೆ ಈಯುವ ಜೀವ ಅದು. ಬದುಕುಳಿದ ಮರಿ ವರ್ಷ ತುಂಬುವುದರೊಳಗೇ ತಾಯಿಯಾಗಬಲ್ಲದು. ಮನೆಯಲ್ಲಿದ್ದಾಗ ಯಾರಿಗೂ ಬೇಡವಾಗಿದ್ದ ಅದೇ ನಾಯಿಯನ್ನು ಬೀದಿಗೆ ಬಿದ್ದ ಮೇಲೆ ಸರ್ಕಾರದ ಹಣದಲ್ಲಿ ಬಲೆ ಬೀಸಿ ಹಿಡಿದು, ವ್ಯಾನಿನಲ್ಲಿ ಹೊತ್ತು, ಕೊಯ್ದು, ವಾಪಸ್ ಬಿಡುತ್ತೇವೆ. ಇಷ್ಟು ದುಬಾರಿ ಜಿಪುಣತನ ಬೇರೆಲ್ಲಾದರೂ ಇದೆಯೋ ಕಾಣೆ.

ಅಮೆರಿಕದ ಲಾಸ್ ಏಂಜಲೀಸ್ ನಗರಾಡಳಿತ 1971ರಲ್ಲೇ ಸಾಕುಪ್ರಾಣಿಗಳಿಗೆ ಕಡಿಮೆ ದರದ ಸಂತಾನಹರಣ ಕ್ಲಿನಿಕ್ ತೆರೆದಿತ್ತು. ನಮ್ಮಲ್ಲಿ ಅದನ್ನು ಪ್ರಾಣಿದಯಾ ಸಂಘಗಳ ಔದಾರ್ಯಕ್ಕೆ ಬಿಟ್ಟಿದ್ದೇವೆ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸೇರಿಸಿ ಎಂದ ಸುಪ್ರೀಂ ಕೋರ್ಟ್, ಹನ್ನೊಂದೇ ದಿನಗಳ ಬಳಿಕ ಅದನ್ನು ಮಾರ್ಪಡಿಸಿತು. ದೇಶವೆಲ್ಲ ವಾದಿಸಿತು. ಆ ವಾದದಲ್ಲೂ ಪೆಟ್ಟಿಗೆಯ ಮರಿಗಳು ಎಲ್ಲಿಂದ ಬರುತ್ತವೆಂದು ಕೇಳಿದವರು ಕಡಿಮೆ.

ಬೆಂಗಳೂರಿಗೆ ಈಗ ಐದು ಪಾಲಿಕೆಗಳಿವೆ. ಬೀದಿನಾಯಿಗಳಿಗೆಂದು ಇರುವ ಶಸ್ತ್ರಚಿಕಿತ್ಸಾ ಕೇಂದ್ರಗಳನ್ನೇ ವಾರಕ್ಕೊಂದು ದಿನ ಸಾಕುಪ್ರಾಣಿಗಳಿಗೂ ತೆರೆಯಬಹುದು. ಬಿಪಿಎಲ್ ಚೀಟಿ ಇದ್ದವರಿಗೆ ಉಚಿತ, ಉಳಿದವರಿಗೆ ನಿಗದಿತ ದರ. ಹೆಣ್ಣುನಾಯಿಗೆ ಮೊದಲ ಸರದಿ, ಬೆಕ್ಕಿಗೂ ಜಾಗ. ವೈದ್ಯರೂ ಉಪಕರಣಗಳೂ ಅಲ್ಲೇ ಇರುವುದರಿಂದ ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಬೇರೆಯೇ ಒಂದು ಸಾಲು ಬರೆದರೆ ಆರಂಭಕ್ಕೆ ಸಾಕು.