ಇಲಿಯ ವೇದನೆಗೂ ಲೆಕ್ಕವುಂಟು

ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟು ರಾತ್ರಿಯಿಡೀ ಅಂಗಾಲು ಉರಿಯುವವರು ನಮ್ಮ ಖಾನಾಪುರದಲ್ಲೂ ಇದ್ದಾರೆ. ಸಾಮಾನ್ಯ ನೋವಿನ ಗುಳಿಗೆ ಈ ನರವೇದನೆಗೆ ಅಷ್ಟಾಗಿ ನಾಟದು. ಜೀವಕೋಶದಲ್ಲಿ ಪ್ರೋಟೀನಿನ ತಯಾರಿಕೆಯನ್ನು ಹತೋಟಿಯಲ್ಲಿಡುವ ಮೈಕ್ರೋ ಆರ್‌ಎನ್‌ಎ ಎಂಬ ಅಣು 1993ರಲ್ಲಿ ಹುಳುವೊಂದರಲ್ಲಿ ಕಂಡುಬಂದಿತು. ಅದರಿಂದ ಈ ವೇದನೆಗೆ ಮದ್ದು ದೊರೆಯಬಹುದೇ ಎಂದು ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಇಲಿಯ ಕಾಲಿನ ನರವನ್ನು ದಾರದಿಂದ ಬಿಗಿದು, ಮದ್ದು ಕೊಟ್ಟು, ಪಾದಕ್ಕೆ ಎಳೆಯೊಂದನ್ನು ಒತ್ತಿ, ಯಾವ ಒತ್ತಡಕ್ಕೆ ಕಾಲೆಳೆದುಕೊಳ್ಳುವುದೆಂದು ಅಳೆಯುತ್ತಾರೆ.

ಇದು ಸಲ್ಲುವುದೇ? ಒಂದು ಕಾಲದಲ್ಲಿ ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದರು. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಆ ಕಾಲದ ನೆನಪು. ಆ ಮೂಕಜೀವಿಗಳ ಋಣ ನಮ್ಮ ಹಿರಿಯರ ತೋಳಿನ ಕಲೆಯಲ್ಲಿದೆ. ಧರ್ಮಸಭೆಯ 1992ರ ಧರ್ಮೋಪದೇಶವು ಮನುಷ್ಯರ ಆರೈಕೆಗಾಗಿ, ಮಿತಿಯೊಳಗೆ, ಇಂಥ ಪ್ರಯೋಗವನ್ನು ಒಪ್ಪುತ್ತದೆ. ಪ್ರಾಣಿಗೆ ವೃಥಾ ನೋವು ಕೊಡುವುದನ್ನು ಒಪ್ಪುವುದಿಲ್ಲ.

ಆ ಮಿತಿ ಯಾವುದು? ಇಲಿಯು ಉರಿಯೆಂದು ಹೇಳಲಾರದು. ಕಾಲೆಳೆದುಕೊಳ್ಳುವುದು ವೇದನೆಯ ಒಂದು ಗುರುತಷ್ಟೇ. ಆದ್ದರಿಂದ ಸೋತ ಪರೀಕ್ಷೆಯನ್ನೂ ಪ್ರಕಟಿಸಬೇಕು. ಮುಚ್ಚಿಟ್ಟರೆ ಅದೇ ನೋವನ್ನು ಇನ್ನೊಬ್ಬರು ಮತ್ತೊಂದು ಇಲಿಗೆ ಕೊಡುವರು. ಅದೇ ವೃಥಾ ನೋವು. ಇಲಿಯಲ್ಲಿ ಗೆದ್ದದ್ದನ್ನು ಮನುಷ್ಯನ ಮದ್ದೆಂದು ಸಾರಿ, ಉರಿಯುವ ಕಾಲಿನವರಿಗೆ ಹುಸಿ ಆಸೆಯನ್ನು ಮಾರಲೂಬಾರದು.