ಬಟ್ಟೆಯಲ್ಲ, ಮಾತು

"ಅಭಿನಯ ಬಲ್ಲವನಿಗೆ ವೇಷದ ಹಂಗೇಕೆ? ವೇಷಭೂಷಣವೆಲ್ಲ ಪ್ರೇಕ್ಷಕರಿಗೆ ಎರಚುವ ಮಂಕುಬೂದಿ." ಸುಶಿಕ್ಷಿತರೆನಿಸಿಕೊಂಡವರ ಬಾಯಲ್ಲಿ ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಜಪಾನಿನ ನೋ ಮತ್ತು ಕಬುಕಿ ನಾಟಕಗಳ ಚಿತ್ರಗಳನ್ನು ಕಂಡರಂತೂ "ಎಷ್ಟೊಂದು ಆಡಂಬರ!" ಎಂದು ಮೂಗು ಮುರಿಯುವವರೇ ಹೆಚ್ಚು. ಇದು ಸರಳತೆಯ ಸೋಗು ಹಾಕಿದ ಅಜ್ಞಾನವೆಂದು ನಾನು ನೇರವಾಗಿಯೇ ಹೇಳಬಯಸುತ್ತೇನೆ.

ನೋ ರಂಗವನ್ನು ಗಮನಿಸಿರಿ. ಹಿಂಬದಿಯ ಹಲಗೆಯ ಮೇಲೆ ಬರೆದ ಒಂದು ಪೈನ್ ಮರವನ್ನು ಬಿಟ್ಟರೆ ದೃಶ್ಯಸಜ್ಜಿಕೆ ಇಲ್ಲವೆನ್ನುವಷ್ಟು ಕಡಿಮೆ. ಮುಖ್ಯ ನಟನ ಮುಖವನ್ನೂ ಬಹುಮಟ್ಟಿಗೆ ಮುಖವಾಡವು ಮರೆಮಾಡಿರುತ್ತದೆ. ಹಾಗಾದರೆ ಪಾತ್ರದ ವಯಸ್ಸು, ಅಂತಸ್ತುಗಳನ್ನು ಕಣ್ಣಿಗೆ ಕಾಣಿಸುವುದು ಯಾವುದು? ಮುಖವಾಡದೊಡನೆ ಉಡುಪೇ. 'ಕರಾಓರಿ' ಎಂಬ ಚಿತ್ತಾರದ ರೇಷ್ಮೆ ಮೇಲುಡುಗೆಯಲ್ಲಿ ಕೆಂಪಿದ್ದರೆ ಅವಳು ತರುಣಿ. ಕೆಂಪಿಲ್ಲದಿದ್ದರೆ ಪ್ರಾಯ ಸಂದವಳು. 'ದೋಜೋಜಿ' ನಾಟಕದಲ್ಲಿ ಸರ್ಪವಾಗುವ ಹೆಣ್ಣಿನ ಒಳ ಉಡುಗೆಯ ಮೇಲೆ ತ್ರಿಕೋನಗಳ ಸಾಲುಗಳಿರುತ್ತವೆ. ಅವು ಹಾವಿನ ಹುರುಪೆಗಳ ಸಂಕೇತ.

ಕಬುಕಿಯಲ್ಲಿ 'ಹಿಕಿನುಕಿ' ಎಂಬ ತಂತ್ರವಿದೆ. ಸಡಿಲವಾಗಿ ಹಾಕಿದ ಹೊಲಿಗೆಯ ದಾರಗಳನ್ನು ಸಹಾಯಕನು ಪ್ರೇಕ್ಷಕರೆದುರಿಗೇ ಎಳೆಯುತ್ತಾನೆ. ಮೇಲಿನ ಉಡುಪು ಕಳಚಿ, ಒಳಗಿನದು ಪ್ರಕಟವಾಗುತ್ತದೆ. 'ಸಾಗಿ ಮುಸುಮೆ' ನೃತ್ಯದಲ್ಲಿ ಬೆಳ್ಳನೆಯ ಬಕಕನ್ಯೆ ಹೀಗೆ ಕ್ಷಣಮಾತ್ರದಲ್ಲಿ ಕೆಂಪುಡುಗೆಯ ತರುಣಿಯಾಗುತ್ತಾಳೆ. ಉಡುಪನ್ನು ಹೊರಗಿಟ್ಟರೆ ಆ ರೂಪಾಂತರವೆಲ್ಲಿ?

"ಇದೆಲ್ಲ ದೊರೆಗಳ ಹಣದ ಮೆರೆದಾಟವಲ್ಲವೇ?" ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನೋ ಕಲಾವಿದರನ್ನು ಶೋಗನ್ನರೂ ಸಾಮಂತರೂ ಪೋಷಿಸಿದರು. ಮೆಚ್ಚಿದವರು ತಮ್ಮ ಮೈಮೇಲಿನ ಉಡುಪನ್ನೇ ಕಳಚಿ ಕೊಡುವ ವಾಡಿಕೆಯೂ ಇತ್ತು. ಆದರೆ ಕಬುಕಿ ಪೇಟೆಯ ಜನರ ಕಲೆ. ಅಲ್ಲಿ ಆಳುವವರಿಂದ ಬಂದದ್ದು ಉಡುಗೊರೆಯಲ್ಲ, ಕಟ್ಟಳೆ. ಆಡಂಬರನಿಷೇಧದ ಕಟ್ಟಳೆಗಳನ್ನು ಮೀರಿದನೆಂದು 1842ರಲ್ಲಿ ಏಳನೆಯ ಇಚಿಕಾವಾ ದಾಂಜುರೊ ಎಂಬ ಹೆಸರಾಂತ ನಟನನ್ನು ಎದೊ ನಗರದಿಂದಲೇ ಗಡೀಪಾರು ಮಾಡಲಾಯಿತು. ನಟನ ಥಳಕು ಬರಿಯ ಥಳಕೇ ಆಗಿದ್ದರೆ ಪ್ರಭುತ್ವಕ್ಕೆ ಅಷ್ಟೊಂದು ಆತಂಕವೇಕೆ?

ಇಂದು ಇಂಥ ಹಳೆಯ ಉಡುಪುಗಳನೇಕ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದಿವೆ. ಜೀರ್ಣವಾದ ರೇಷ್ಮೆಯನ್ನು ಕಾಪಾಡಲು ಅದು ಅಗತ್ಯವೇ. ಆದರೆ ತೋಳು ಚಾಚಿಸಿ ತೂಗುಹಾಕಿದ ಬಟ್ಟೆಯನ್ನು ನೋಡಿ ಜಪಾನಿನ ರಂಗಕಲೆಯನ್ನು ಕಂಡೆನೆನ್ನುವುದು, ನಿಘಂಟನ್ನು ತಿರುವಿಹಾಕಿ ಕಾವ್ಯ ಓದಿದೆನೆಂದಂತೆ.

ವಾದ ಬರಿಯ ರಸಾಭಿರುಚಿಯದಲ್ಲ. ವೇಷವು ಕಲೆಗೆ ಹೊರಗಿನದೆಂದರೆ ಅದನ್ನು ನೇಯುವವರು, ಬಣ್ಣ ಹಾಕುವವರು, ಕಸೂತಿ ಮಾಡುವವರು, ನಟನಿಗೆ ಉಡಿಸುವವರು ಎಲ್ಲರೂ ಹೊರಗಿನವರಾಗುತ್ತಾರೆ. ಖರ್ಚು ಕಡಿಮೆ ಮಾಡುವಾಗ ಮೊದಲು ಕತ್ತರಿ ಬೀಳುವುದು ಹೊರಗಿನವರ ಮೇಲೆಯೇ. 2008ರಲ್ಲಿ ಯುನೆಸ್ಕೊದ ಪಟ್ಟಿಗೆ ನೋ, ಕಬುಕಿಗಳೆರಡೂ ಸೇರಿದವು, ಸಂತೋಷ. ಆದರೆ ಪಟ್ಟಿಯು ಒಂದು ಗೇಣು ರೇಷ್ಮೆಯನ್ನೂ ನೇಯಲಾರದು.

ಆಹಾರ್ಯವನ್ನು ನಾಲ್ಕು ಅಭಿನಯಗಳಲ್ಲಿ ಒಂದೆಂದು ಎಣಿಸಿದ ಭರತನ ನಾಡಿನವರು ನಾವು. ವೇಷವನ್ನು ಹಗುರವಾಗಿ ಕಾಣುವುದು ನಮಗಂತೂ ಶೋಭಿಸದು. ನನ್ನ ಮಾತನ್ನು ಒಪ್ಪದವರು ಅವಶ್ಯವಾಗಿ ಬರೆಯಿರಿ. ಆದರೆ ಮೊದಲು ಒಂದು ನೋ ನಾಟಕವನ್ನಾದರೂ ಪೂರ್ತಿಯಾಗಿ ನೋಡಿ ಬರೆಯಿರಿ.