ದಾರಿಹೋಕನ ಹಕ್ಕು: ಒಂದು ಕಾಲ್ನಡಿಗೆ ಯಾತ್ರೆ ನಮಗೆ ನೆನಪಿಸುವ ಪಾಠ

ಹಜ್ಜ್‌ನ ಪಾಠ ನಡೆಯುತ್ತಿದ್ದ ಒಂದು ದಿನ ವಿದ್ಯಾರ್ಥಿಯೊಬ್ಬ ನಮ್ಮನ್ನು ಕೇಳಿದ: "ಉಸ್ತಾದ್, ಸ್ಪೇನ್ ದೇಶದಲ್ಲಿ ಕ್ರೈಸ್ತರು ಒಂದು ತಿಂಗಳು ನಡೆದು ಯಾತ್ರೆ ಮಾಡುತ್ತಾರಂತೆ. ಅಲ್ಲಿ ಬಸ್ಸು, ರೈಲು ಇಲ್ಲವೇ?" ಉಳಿದ ಮಕ್ಕಳು ನಕ್ಕರು. ಪ್ರಶ್ನೆ ಮುಗ್ಧವಾದುದೇ. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದಂತೆ ನಾವು ತಿಳಿದುಕೊಂಡ ಸಂಗತಿಗಳು ನಮ್ಮನ್ನೇ ಪ್ರಶ್ನಿಸತೊಡಗಿದವು.

ಸ್ಪೇನ್‌ನ ವಾಯವ್ಯ ಭಾಗದಲ್ಲಿರುವ ಗಲೀಸಿಯಾ ಪ್ರಾಂತ್ಯದಲ್ಲಿ ಸ್ಯಾಂಟಿಯಾಗೊ ಡಿ ಕಾಂಪೊಸ್ಟೆಲಾ ಎಂಬ ನಗರವಿದೆ. ಪ್ರವಾದಿ ಈಸಾ(ಅ)ರ ಶಿಷ್ಯರಲ್ಲೊಬ್ಬರಾದ ಯಾಕೋಬರ ಸಮಾಧಿ ಅಲ್ಲಿದೆಯೆಂದು ಕ್ಯಾಥೊಲಿಕ್ ಕ್ರೈಸ್ತರು ನಂಬುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಆ ಸಮಾಧಿ ಪತ್ತೆಯಾಯಿತೆಂಬುದು ಅವರ ಪರಂಪರೆಯ ಮಾತು. ಅಲ್ಲಿಗೆ ಹೋಗುವ ಹಾದಿಗಳನ್ನು 'ಕಮಿನೊ' ಎಂದು ಕರೆಯಲಾಗುತ್ತದೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಫ್ರಾನ್ಸ್‌ನ ಗಡಿಯ ಪುಟ್ಟ ಊರೊಂದರಿಂದ ಆರಂಭವಾಗಿ, ಪಿರನೀಸ್ ಪರ್ವತವನ್ನು ದಾಟಿ, ದ್ರಾಕ್ಷಿ ತೋಟಗಳು, ಮೆಸೆಟಾ ಬಯಲಿನ ಗೋಧಿ ಹೊಲಗಳು ಮತ್ತು ಹಳ್ಳಿಗಾಡಿನ ಕಾಲುದಾರಿಗಳ ನಡುವೆ ಸುಮಾರು 780 ಕಿಲೋಮೀಟರ್ ಸಾಗುತ್ತದೆ. ಅದನ್ನು ನಡೆದು ಮುಗಿಸಲು 30ರಿಂದ 35 ದಿನಗಳು ಬೇಕು. ಮಧ್ಯಯುಗದ ನಂತರ ಕ್ಷೀಣಿಸಿದ್ದ ಈ ಯಾತ್ರೆ ನಮ್ಮ ಕಾಲದಲ್ಲಿಯೇ ಮರಳಿ ಜೀವ ಪಡೆದಿದೆ. ಯಾತ್ರೆ ಪೂರೈಸಿದ್ದಕ್ಕೆ ಪ್ರಮಾಣಪತ್ರ ಪಡೆದವರು 1986ರಲ್ಲಿ ಕೇವಲ 2,491 ಮಂದಿಯಾಗಿದ್ದರೆ, 2024ರಲ್ಲಿ ಅವರ ಸಂಖ್ಯೆ ಐದು ಲಕ್ಷದ ಹತ್ತಿರಕ್ಕೆ ಬಂದಿತ್ತು.

ಮುಂದುವರಿಯುವ ಮೊದಲು ಎರಡು ವಿಷಯಗಳನ್ನು ಸ್ಪಷ್ಟಪಡಿಸುವುದು ನಮ್ಮ ಕರ್ತವ್ಯ. ಈಸಾ(ಅ)ರ ಶಿಷ್ಯರಾದ ಹವಾರಿಗಳನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಮಾರ್ಗದ ಸಹಾಯಕರೆಂದು ಗೌರವದಿಂದ ಸ್ಮರಿಸುತ್ತದೆ. ಆದರೂ ಪುಣ್ಯದ ಉದ್ದೇಶದಿಂದ ವಿಶೇಷವಾಗಿ ಯಾತ್ರೆ ಹೊರಡಲು ಪ್ರವಾದಿ(ಸ)ರು ನಮಗೆ ಸೂಚಿಸಿರುವುದು ಮೂರು ಮಸೀದಿಗಳಿಗೆ ಮಾತ್ರ. ಎರಡನೆಯದಾಗಿ, ದೇಹದಂಡನೆಯೇ ಆರಾಧನೆಯೆಂದು ಇಸ್ಲಾಮ್ ಹೇಳುವುದಿಲ್ಲ. ನಡೆದೇ ಹೋಗುವೆನೆಂದು ಹರಕೆ ಹೊತ್ತು, ಇಬ್ಬರು ಪುತ್ರರ ಹೆಗಲಿನ ಆಸರೆಯಲ್ಲಿ ಕಾಲೆಳೆಯುತ್ತಿದ್ದ ವೃದ್ಧರೊಬ್ಬರನ್ನು ಕಂಡಾಗ, ಹೀಗೆ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲವೆಂದು ತಿಳಿಸಿ, ವಾಹನವೇರಿ ಸಾಗುವಂತೆ ಪ್ರವಾದಿ(ಸ)ರು ಆಜ್ಞಾಪಿಸಿದರು. ಆದುದರಿಂದ ಆ ಸಮಾಧಿಯಾಗಲಿ ಕಾಲಿನ ಬೊಬ್ಬೆಗಳಾಗಲಿ ನಮ್ಮ ಚರ್ಚೆಯ ವಿಷಯವಲ್ಲ. ನಾವು ಹೇಳಹೊರಟಿರುವುದು ಆ ದಾರಿಯ ಬಗ್ಗೆ, ದಾರಿಹೋಕನನ್ನು ಅಲ್ಲಿ ನೋಡಿಕೊಳ್ಳುವ ಬಗೆಯ ಬಗ್ಗೆ.

ಆ ದಾರಿಯೊಂದಿಗೆ ನಮಗೆ ಕಹಿಯಾದ ನಂಟೂ ಇದೆ. ಕ್ರಿ.ಶ. 997ರಲ್ಲಿ ಕೊರ್ಡೊಬಾದ ಸೇನಾನಿ ಅಲ್-ಮನ್ಸೂರ್ ಆ ನಗರದ ಮೇಲೆ ದಾಳಿ ಮಾಡಿ ಚರ್ಚನ್ನು ಕೆಡವಿದನು. ಸಮಾಧಿಯನ್ನು ಮಾತ್ರ ಮುಟ್ಟಲಿಲ್ಲವೆಂದು ಹೇಳಲಾಗುತ್ತದೆ. ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಕೊರ್ಡೊಬಾಕ್ಕೆ ಸಾಗಿಸಲಾಯಿತಂತೆ. 1236ರಲ್ಲಿ ಕೊರ್ಡೊಬಾ ಕ್ರೈಸ್ತ ದೊರೆಯ ವಶವಾದಾಗ ಅದೇ ಗಂಟೆಗಳನ್ನು ಮುಸ್ಲಿಮ್ ಸೆರೆಯಾಳುಗಳ ಹೆಗಲಿಗೇರಿಸಿ ಹಿಂದಕ್ಕೆ ಕಳುಹಿಸಲಾಯಿತೆಂದು ಚರಿತ್ರೆಯ ಬರಹಗಳು ಹೇಳುತ್ತವೆ. ಎರಡು ಸಲವೂ ಗೆದ್ದವರು ಸಂಭ್ರಮಿಸಿದರು. ಎರಡು ಸಲವೂ ಭಾರ ಹೊತ್ತವರು ಅಸಹಾಯಕರು. ಯಾಕೋಬರನ್ನು ಕುದುರೆಯೇರಿ ಮುಸ್ಲಿಮರನ್ನು ತುಳಿಯುವ ಯೋಧನಂತೆ ಚಿತ್ರಿಸುವ ರೂಢಿಯೂ ಅದೇ ಕಲಹಗಳ ಕಾಲದಲ್ಲಿ ಬೆಳೆಯಿತು. ಕಾಂಪೊಸ್ಟೆಲಾದ ಚರ್ಚಿನಲ್ಲಿ ಅಂತಹ ಒಂದು ಪ್ರತಿಮೆಯಿದೆ. ಕುದುರೆಯ ಗೊರಸುಗಳ ಕೆಳಗೆ ಬಿದ್ದಿರುವ ಆಕೃತಿಗಳನ್ನು ಈಗ ಹೂಗಳಿಂದ ಮುಚ್ಚಲಾಗುತ್ತಿದೆ. ಈ ಇತಿಹಾಸವನ್ನು ಓದುವಾಗ ನಮ್ಮ ಮನಸ್ಸು ನೋಯುವುದು ಸಹಜ. ಆದರೆ ಒಂದು ಜನಾಂಗದ ಮೇಲಿನ ಅಸಮಾಧಾನವು ನ್ಯಾಯದ ಮಾತನ್ನು ಆಡದಂತೆ ನಮ್ಮನ್ನು ತಡೆಯಬಾರದೆಂಬುದು ನಮಗೆ ಅಲ್ಲಾಹನ ಆದೇಶವಾಗಿದೆ. ಹಾಗಿರುವಾಗ ಒಳ್ಳೆಯದನ್ನು ಕಂಡು ಒಳ್ಳೆಯದೆನ್ನಲು ನಾವು ಹಿಂಜರಿಯಬೇಕೇಕೆ?

ಆ ಒಳ್ಳೆಯದು ಯಾವುದು? ಹನ್ನೊಂದನೆಯ ಶತಮಾನದಲ್ಲಿ ಡೊಮಿಂಗೊ ಎಂಬ ಬಡ ಯುವಕ ಸನ್ಯಾಸಿಯಾಗಬಯಸಿ ಮಠಗಳಿಗೆ ಹೋದನು. ಅವು ಅವನನ್ನು ಸೇರಿಸಿಕೊಳ್ಳಲಿಲ್ಲ ಎನ್ನುತ್ತದೆ ಅಲ್ಲಿನ ಐತಿಹ್ಯ. ಅವನು ಕಾಡಿನಲ್ಲಿ ನೆಲೆಸಿ, ಯಾತ್ರಿಕರಿಗಾಗಿ ಪೊದೆಗಳನ್ನು ಕಡಿದು ದಾರಿ ಮಾಡಿದನು, ಹೊಳೆಗೆ ಸೇತುವೆ ಕಟ್ಟಿದನು, ದಣಿದವರಿಗೆ ತಂಗುದಾಣ ನಿರ್ಮಿಸಿದನು. ಇಂದು ಅಲ್ಲಿ ಬೆಳೆದಿರುವ ಊರಿಗೆ ಅವನದೇ ಹೆಸರಿದೆ. 1980ರ ದಶಕದಲ್ಲಿ ಓ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿನ್ಯಾ ಅವರು ಮರೆತುಹೋಗಿದ್ದ ಹಾದಿಯುದ್ದಕ್ಕೂ ಹಳದಿ ಬಣ್ಣದ ಬಾಣದ ಗುರುತುಗಳನ್ನು ಬಳಿದರು. ಪರಸ್ಥಳದವನು ದಾರಿ ತಪ್ಪಬಾರದೆಂಬುದಷ್ಟೇ ಅವರ ಉದ್ದೇಶ.

ಗ್ರನ್ಯೋನ್ ಎಂಬ ಹಳ್ಳಿಯಲ್ಲಿ ಯಾತ್ರಿಕರು ಚರ್ಚಿಗೆ ಸೇರಿದ ಕಟ್ಟಡದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಅಲ್ಲಿ ಹಣದ ಪೆಟ್ಟಿಗೆಯೊಂದಿದೆ. ಶಕ್ತಿಯುಳ್ಳವರು ಅದರಲ್ಲಿ ಹಾಕಬಹುದು, ಅಗತ್ಯವುಳ್ಳವರು ಅದರಿಂದ ತೆಗೆದುಕೊಳ್ಳಬಹುದು. ಇಂತಹ ಅನೇಕ ತಂಗುದಾಣಗಳನ್ನು ನಡೆಸುವವರು, ತಾವೂ ಹಿಂದೊಮ್ಮೆ ಅದೇ ಹಾದಿಯಲ್ಲಿ ನಡೆದು, ಈಗ ತಮ್ಮ ರಜೆಯ ದಿನಗಳನ್ನು ಸೇವೆಗೆ ಮುಡಿಪಾಗಿಟ್ಟಿರುವ ಸ್ವಯಂಸೇವಕರು. ಕೆಲವೆಡೆ ಅವರು ಅಪರಿಚಿತ ಯಾತ್ರಿಕರ ಪಾದಗಳನ್ನೂ ತೊಳೆಯುತ್ತಾರೆ. ಎಲ್ಲವೂ ಹೀಗೆಯೇ ಇದೆಯೆಂದು ನಾವು ಹೇಳುತ್ತಿಲ್ಲ. ಕೊನೆಯ 100 ಕಿಲೋಮೀಟರ್ ನಡೆದರೂ ಪ್ರಮಾಣಪತ್ರ ಸಿಗುವುದರಿಂದ ಅಷ್ಟಕ್ಕೇ ಬರುವವರು, ಹೊರೆಯನ್ನು ವಾಹನದಲ್ಲಿ ಮುಂದಕ್ಕೆ ಕಳುಹಿಸಿ ಕೈಬೀಸಿ ನಡೆಯುವವರು, ವಿಹಾರಕ್ಕೆಂದೇ ಬರುವವರು ಅಲ್ಲಿಯೂ ಬಹಳ ಮಂದಿ ಇದ್ದಾರೆ. ಆದರೂ ಆ ಚಾಪೆ, ಆ ಊಟ, ಆ ಪೆಟ್ಟಿಗೆ ಇಂದಿಗೂ ಉಳಿದಿವೆ.

ಇದನ್ನು ಓದಿದಾಗ ನಮಗೆ ಮೆಚ್ಚುಗೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಏಕೆಂದರೆ ದಾರಿಹೋಕನ ಹಕ್ಕು ನಮ್ಮ ಗ್ರಂಥದಲ್ಲಿರುವ ಮಾತು. 'ಇಬ್ನುಸ್ಸಬೀಲ್' ಅಂದರೆ ಹಾದಿಯ ಮಗ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಅವನೂ ಒಬ್ಬ. ಊರಿನಲ್ಲಿ ಅವನು ಶ್ರೀಮಂತನೇ ಆಗಿರಲಿ, ದಾರಿಯಲ್ಲಿ ಕೈಬರಿದಾದರೆ ಅವನಿಗೆ ನಮ್ಮ ಸಂಪತ್ತಿನಲ್ಲಿ ಪಾಲಿದೆ. ದಾರಿಯಲ್ಲಿರುವ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದರು. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ ಅವರು ಕೂಫಾದಿಂದ ಮಕ್ಕಾದವರೆಗಿನ ಮರುಭೂಮಿಯ ಹಾದಿಯಲ್ಲಿ ಬಾವಿಗಳನ್ನೂ ನೀರಿನ ಕೊಳಗಳನ್ನೂ ಕಟ್ಟಿಸಿದರು. ಆ ಹಾದಿಗೆ ಇಂದಿಗೂ ಅವರದೇ ಹೆಸರು.

ಈಗ ನಮ್ಮ ಸ್ಥಿತಿಯನ್ನು ನೋಡೋಣ. ಹಜ್ಜ್ ಮತ್ತು ಉಮ್ರಾಕ್ಕೆ ಹೊರಡುವಾಗ ನಾವು ಮೊದಲು ವಿಚಾರಿಸುವುದು ಹೋಟೆಲ್ ಹರಮ್‌ನಿಂದ ಎಷ್ಟು ದೂರ, ಊಟ ನಮ್ಮ ರುಚಿಗೆ ಹೊಂದುವುದೇ ಎಂದು. ವಿಮಾನವೇರುವುದು ತಪ್ಪಲ್ಲ, ಅನುಕೂಲವೂ ಅಲ್ಲಾಹನ ಅನುಗ್ರಹವೇ. ಆದರೆ ದಾರಿಯೇ ಇಲ್ಲವಾದಾಗ ದಾರಿಹೋಕನೂ ನಮ್ಮ ನೆನಪಿನಿಂದ ಮರೆಯಾದನು. ರಾತ್ರಿ ಇಶಾ ಮುಗಿಯುತ್ತಲೇ ನಮ್ಮ ಎಷ್ಟೋ ಮಸೀದಿಗಳ ಗೇಟಿಗೆ ಬೀಗ ಬೀಳುತ್ತದೆ. ಬಸ್ಸು ತಪ್ಪಿದ ಪ್ರಯಾಣಿಕನು ಅಂಗಡಿಯ ಜಗಲಿಯ ಮೇಲೆ ಬೆಳಗು ಮಾಡುತ್ತಾನೆ. ಕಳ್ಳತನದ ಭಯವಿದೆ, ನಿಜ. ಆದರೆ ಭಯಕ್ಕೆ ಪರಿಹಾರ ಕಾವಲೇ ಹೊರತು ಅತಿಥಿಯನ್ನು ಹೊರದಬ್ಬುವುದಲ್ಲ.

ನಮ್ಮ ಸಲಹೆ ದೊಡ್ಡದೇನಲ್ಲ. ಹೆದ್ದಾರಿಯ ಬದಿಯ ಪ್ರತಿಯೊಂದು ಜಮಾಅತ್ ಒಂದು ಕೋಣೆ, ನಾಲ್ಕು ಚಾಪೆ, ಶುದ್ಧ ನೀರು, ಶುಚಿಯಾದ ಶೌಚಾಲಯವನ್ನು ಪ್ರಯಾಣಿಕರಿಗೆಂದು ಮೀಸಲಿಡಲಿ. ಊರಿನ ಯುವಕರು ಸರದಿಯಂತೆ ಅಲ್ಲಿ ಕಾವಲಿರಲಿ. ಶಿವರಾತ್ರಿಯ ಸಮಯದಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ಮನೆಗಳ ಮುಂದೆಯೂ ಹಾದುಹೋಗುತ್ತಾರೆ. ಅವರ ವಿಶ್ವಾಸ ಅವರಿಗೆ, ನಮ್ಮದು ನಮಗೆ. ಬಾಯಾರಿದವನಿಗೆ ಒಂದು ಲೋಟ ನೀರು ಕೊಡಲು ಅದು ಅಡ್ಡಿಯಾಗಬೇಕಿಲ್ಲ.

ಆ ವಿದ್ಯಾರ್ಥಿಗೆ ನಾವು ಮರುದಿನ ಹೇಳಿದೆವು: "ಮಗನೇ, ಅಲ್ಲಿ ಬಸ್ಸೂ ಇದೆ, ರೈಲೂ ಇದೆ. ಆದರೂ ಅವರು ನಡೆಯುತ್ತಾರೆ. ನಡೆಯುವವನಿಗೆ ಚಾಪೆ ಹಾಸುವವರೂ ಅಲ್ಲಿದ್ದಾರೆ. ನಮ್ಮ ಊರಿಗೆ ಒಬ್ಬ ದಾರಿಹೋಕ ಬಂದರೆ ಅವನಿಗೆ ಚಾಪೆ ಹಾಸುವವರು ಯಾರು?" ಈ ಸಲ ಮಕ್ಕಳು ನಗಲಿಲ್ಲ. ಒಬ್ಬ ಮಾತ್ರ ಮೆಲ್ಲಗೆ, "ನಮ್ಮ ಮದ್ರಸದಲ್ಲಿ ಚಾಪೆಗಳಿವೆ, ಉಸ್ತಾದ್" ಎಂದ.

ಈ ಲೋಕದಲ್ಲಿ ನಾವೆಲ್ಲರೂ ದಾರಿಹೋಕರೇ. ದಾರಿಹೋಕರ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.